ಹದಿನೈದಕ್ಕ ಮೂರು

ಶಹಾಬಾದದ ಫರಸಿ ಖಣಿಯೊಳಗ
ಮೂವತ್ತು ವರ್ಷ ಕಲ್ಲು ಸೀಳಿದ ಕೈ ಅವು.
ಚಪ್ಪಾಳಿ ಹೊಡೆದರ ಧೂಳು ಏಳತಿತ್ತು,
ನಾವು ಹುಡುಗರು ನಗತಿದ್ದಿವಿ.

ಸೈಬಣ್ಣ ಜನ್ಮದಾಗ ವಾಲಿಬಾಲ್ ಆಡಿದವನಲ್ಲ.
ಬಾಲ್ ಮುಟ್ಟಿದ್ದು ಒಂದೇ ಸಲ:
ಗಟಾರಕ್ಕ ಬಿದ್ದದ್ದನ್ನ ತೆಗೆದು, ತನ್ನ ಟವೆಲ್ಲಿಲೇ ಒರೆಸಿ,
ಬಾಣಂತಿ ಕೈಗೆ ಕೂಸು ಕೊಟ್ಟಂಗ
ಎರಡೂ ಕೈಲೆ ಕೊಟ್ಟಿದ್ದ.

ಸ್ಟೇಷನ್ನಿನ ಹಿಂದ ನಮ್ಮ ಮೈದಾನ,
ಎರಡು ಬಿದಿರು ಗಳ, ತೂತು ಬಿದ್ದ ನೆಟ್.
ಬ್ಯಾಸಗಿಯೊಳಗ ಸಂಜಿ ಐದಕ್ಕೂ ನೆಲ
ಅಂಗಾಲಿಗಿ ಚುರ್ ಅಂತಿತ್ತು.
ಪ್ಯಾಸೆಂಜರ್ ಗಾಡಿ ಬಿಟ್ಟ ಮ್ಯಾಲ ಅವ ಬರತಿದ್ದ,
ಬಕ್ಕಣದಾಗ ಪುಟಾಣಿ, ಹಿಂದ ಒಂದು ಕುಂಟ ನಾಯಿ.
ಕಂಪೌಂಡಿನ ಮೂಲ್ಯಾಗಿನ ಒಡೆದ ಫರಸಿ ಅವನ ಜಾಗಾ.
ಅಲ್ಲಿ ಮೆಂಬರ್ ಸಾಹೇಬರು ಕುಂತರೂ ಎಬ್ಬಸತಿದ್ದ:
“ಏಳ್ರಿ ಸಾಹೇಬರ, ಇಲ್ಲಿ ಕುಂತೇ
ನಾ ಒಮ್ಮ್ಯಾರ ಗೆಲ್ಲಬೇಕಾಗ್ಯಾದ.”

ಗೆದ್ದದ್ದು ಕಡಿಮಿ.
ವಾಡಿಯವರು ನಮ್ಮನ್ನ ಹದಿನೈದಕ್ಕ ಮೂರು ಮಾಡಿ ಕಳಿಸಿದ ರಾತ್ರಿ
ನಾವು ತಲಿ ಬಗ್ಗಿಸಿ ಹಳಿಗುಂಟ ಹೊಂಟಿದ್ದಿವಿ,
ಹಿಂದಿಂದ ಓಡಿ ಬಂದ, ಉಸಿರು ಹತ್ತಿತ್ತು:
“ಆ ಮೂರು ನೋಡಿದ್ರೇನಲೇ!
ಆಹಾ, ಆ ಮೂರು!”

ವಾಡಿಯ ರುಕ್ಮೊದ್ದೀನ್, ನಮಗಿಂತ ಒಂದು ಗೇಣು ಎತ್ತರ,
ಸರ್ವಿಸಿಗಿ ನಿಂತರ ಸೈಬಣ್ಣ ಶುರು:
“ಏ ರುಕ್ಮ್ಯಾ! ನಿಮ್ಮವ್ವ ರೊಟ್ಟಿ ಬಡದು ಕಾಯಲಾಕತ್ತಾಳ,
ಲಗೂನ ಔಟ್ ಹೊಡದು ಮನಿಗಿ ನಡಿ!”
ಅವ ನಗತಿದ್ದ. ನಕ್ಕೇ ಹೊಡೆಯತಿದ್ದ.
ಬಾಲ್ ನಮ್ಮ ಹಿಂದಿನ ಗೆರಿಮ್ಯಾಗ ಗುಂಡಿನಂಗ.

ನಾನು ಹನ್ನೆರಡನೇ ನಂಬರು.
ಬೆಂಚಿನ ಮ್ಯಾಲ ಕುಂತು ಆಟ ಕಲಿತವ,
ನನ್ನ ಜರ್ಸಿ ಬೆವರಿನ ವಾಸನಿ ಅರಿಯದ್ದು.
ಪ್ರತಿ ಮ್ಯಾಚಿಗಿ ಒಂದು ಸಲ, ಬರೇ ಒಂದು ಸಲ
ಮೂಲ್ಯಾಗಿಂದ ಕೂಗು ಬರತಿತ್ತು:
“ಹನ್ನೆರಡು ಇಳಸ್ರಿ! ಹನ್ನೆರಡು!”
ನಾಕು ವರ್ಷ. ಕೋಚ್ ಇಳಸಲಿಲ್ಲ, ಅವ ಬಿಡಲಿಲ್ಲ.
ನಮ್ಮಪ್ಪಗ ನನ್ನ ನಂಬರ್ ಗೊತ್ತಿದ್ದಿಲ್ಲ.

ಕಲ್ಲಿನ ಧೂಳು ಎದಿಗಿ ಇಳೀತು.
ಕೂಗು ಸಣ್ಣಗಾತು, ಆಮ್ಯಾಲ ಬರೇ ಕೆಮ್ಮು.
ಅವಾಗ ಬಂತು ಡಾಲ್ಡಾ ಡಬ್ಬಿ, ಬಡಿಯಲಾಕ ಒಂದು ಮುರುಕು ಉಳಿ.
ಡಬ್ಬಿಗಿ ಬಯ್ಯಲಾಕ ಬರ್ತದೇನು?
ಅದಕ್ಕ ಮೊಮ್ಮಗಳು ಲಗಮಿ, ಎಂಟು ವರ್ಷದಾಕಿ,
ಅವನ ಬಾಯಿಗಿ ಕಿವಿ ಹಚ್ಚಿ ಕೇಳಿ
ಫರಸಿ ಮ್ಯಾಗ ನಿಂತು ಒದರತಿದ್ದಳು.
ಕೆಲವು ಮಾತು ನಡುವೇ ತೊಳೆದು ಬರತಿದ್ದವು.
“ಹಂಗಲ್ಲ ನಾ ಹೇಳಿದ್ದು” ಅಂತ ಅವ ಕೈಮಾಡಿದರ
“ಸಾಲಿಯಾಗ ಬಯ್ತಾರ ಮುತ್ಯಾ” ಅಂತಿದ್ದಳು.

ದೀಪಾವಳಿ ಮುಂದ ಹೋದ.
ಮಣ್ಣಿಗಿ ವಾಡಿ ಟೀಮಿನವರೂ ಬಂದಿದ್ದರು,
ಬರೂದು ಮೂರು ಮಂದಿ ಅಂದಿದ್ದರು, ಹನ್ನೊಂದು ಬಂದರು.

ಮುಂದಿನ ಮ್ಯಾಚು.
ರುಕ್ಮೊದ್ದೀನ್ ಬಾಲ್ ಹಿಡಿದು ನಿಂತ.
ಸೀಟಿ ಆತು. ಹೊಡೀಲಿಲ್ಲ.
ಮೂಲಿ ಕಡಿ ನೋಡಿದ. ಫರಸಿ ಮ್ಯಾಲ ನಾಯಿ ಮಲಗಿತ್ತು.
ಹೊಡೆದ, ನೆಟ್ಟಿಗಿ ಬಿತ್ತು.
ಮತ್ತೊಂದು ಸರದಿಗೂ ನೆಟ್ಟಿಗೇ.
ಮೂರನೇದಕ್ಕ ಬಾಲ್ ಬಗಲಾಗ ಒತ್ತಿ ನಮ್ಮ ಕಡಿ ತಿರುಗಿ,
“ಯಾರರ ಬಯ್ರಿಲೇ ನನಗ” ಅಂದ.

ಬೆಂಚಿನ ಮ್ಯಾಲಿಂದ ನಾ ಎದ್ದೆ.
“ನಿಮ್ಮವ್ವ” ಅಂದೆ,
“ನಿಮ್ಮವ್ವ ರೊಟ್ಟಿ...”
ಅಷ್ಟಕ್ಕೇ ಗಂಟಲು ಕಟ್ಟಿತು.
ಅವಗ ಅಷ್ಟು ಸಾಕಾತು.

ಆ ಮ್ಯಾಚೂ ಸೋತಿವಿ.
ಖರೆ, ಒಂಬತ್ತು ತಗೊಂಡಿದ್ದಿವಿ.
ಒಂಬತ್ತು!
ಹಳಿಗುಂಟ ಮನಿಗಿ ಬರಬೇಕಾದರ
ಎಲ್ಲರೂ ಸ್ವಲ್ಪ ಸಾವಕಾಶ ನಡೆದಿವಿ.